ಕಡಬಿಗೆ ಹೋದ ತೆಂಗಿನಕಾಯಿ

ನಿಮ್ಮ ಅಜ್ಜ ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತಿದ್ದರೆಂದು ನಿಮಗೆ ಗೊತ್ತು. ಅವರ ಕಾರ್ಯಕ್ರಮಗಳೆಲ್ಲ ನಮ್ಮ ಅಡುಗೆಮನೆಯ ಗೂಡಿನಲ್ಲಿ ಇರುತ್ತಿದ್ದವು ಎಂಬುದು ಗೊತ್ತಿರಲಿಕ್ಕಿಲ್ಲ.

ಆಗ ಹಾವೇರಿಯ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಹಾಡಿಸಬೇಕೆಂದವರು ಮನೆಗೇ ಬಂದು, ತೆಂಗಿನಕಾಯಿ ಮತ್ತು ಎಲೆಯಡಿಕೆ ಕೈಗಿಟ್ಟು, ದಿನ ಹೇಳಿ ಹೋಗುತ್ತಿದ್ದರು. ಕಾಯಿ ತೆಗೆದುಕೊಂಡರೆ ಮಾತು ಕೊಟ್ಟಂತೆ. ಕಾಯಿ ತೆಗೆದುಕೊಂಡೂ ಹಾಡಲು ಹೋಗದೆ ಉಳಿದವನಿಗೆ ಮತ್ತೆ ಯಾವ ಊರಿನವರೂ ಕಾಯಿ ಕೊಡುತ್ತಿರಲಿಲ್ಲ. ಬರೆದಿಟ್ಟುಕೊಳ್ಳುವ ರೂಢಿ ನಿಮ್ಮ ಅಜ್ಜನಿಗೆ ಇರಲಿಲ್ಲ. ಮೊದಲು ಬರುವ ದಿನದ ಕಾಯಿ ಮುಂದೆ, ಆಮೇಲಿನದು ಹಿಂದೆ, ಹೀಗೆ ಗೂಡಿನಲ್ಲಿ ಸಾಲಾಗಿ ಇಡುತ್ತಿದ್ದರು. ಚಹಾ ಕುಡಿಯುತ್ತ ಅವನ್ನು ನೋಡಿ, "ಇದು ಕರ್ಜಗಿದು, ಇದು ಮೋಟೆಬೆನ್ನೂರದು" ಎಂದುಕೊಳ್ಳುತ್ತಿದ್ದರು. ಹಾಡಿ ಬಂದ ಮೇಲೆಯೇ ಕಾಯಿ ಒಡೆಯಬೇಕು. ಕೆಲವು ಅಷ್ಟರಲ್ಲಿ ಕೊಬ್ಬರಿಯೇ ಆಗಿರುತ್ತಿದ್ದವು.

ಜನರನ್ನು ಕೂಡಿಸಲಿಕ್ಕೂ ಅವರದೊಂದು ಉಪಾಯವಿತ್ತು. ಮನೆಶಾಂತಿಗೋ ಬಸುರಿಯ ಕುಬಸಕ್ಕೋ ಕರೆದವರಿಗೆ, "ಹಾಡು ಮುಗಿಯೂತನಕ ಊಟಕ್ಕ ಎಲಿ ಹಾಕಬ್ಯಾಡ್ರಿ" ಎಂದು ಮೊದಲೇ ಹೇಳುತ್ತಿದ್ದರು. ಹಸಿದವರು ಕದಲದೆ ಕೂತಿರುತ್ತಿದ್ದರು. ನಮ್ಮ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಮಗನಿಗೆ ಹೇಳುತ್ತಿದ್ದರು: "ತಮ್ಮಾ, ಅವರು ಚಪ್ಪಾಳಿ ತಟ್ಟೂದು ನೀ ಚಲೋ ಹಾಡಿದಿ ಅಂತಲ್ಲೋ, ಮುಗಿಸಿದೆಲ್ಲಾ ಅಂತ."

ಇವರು ನಗುತ್ತಿದ್ದರು. ಆದರೆ ಆ ಮಾತು ಒಳಗೆ ಚುಚ್ಚುತ್ತಿತ್ತು.

ಹಾಗಿರುವಾಗ ರಾಣೆಬೆನ್ನೂರಿನ ಒಂದು ಓಣಿಯ ತರುಣರು ಕಾಯಿ ಹಿಡಿದು ಬಂದರು. ಬರುವ ರವಿವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಬರೀ ಹಾಡು, ಊಟವಿಲ್ಲ. ಇವರು ಗೂಡು ನೋಡಿದರು. ಒಂದು ಕಾಯಿಯೂ ಇರಲಿಲ್ಲ. ಒಪ್ಪಿಕೊಂಡರು. ಊಟವಿಲ್ಲದೆ ತಮ್ಮ ಹಾಡಿಗೆ ಜನ ಕೂಡುತ್ತಾರೋ ಇಲ್ಲವೋ, ಅವತ್ತು ತಿಳಿಯಬೇಕಿತ್ತು. ವಾರವೆಲ್ಲ ಬಿಸಿನೀರು ಕುಡಿದು ಗಂಟಲು ಕಾಪಾಡಿದರು.

ಶನಿವಾರ ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರರ ಕಡೆಯವನೊಬ್ಬ ಬಂದು, "ನಾಳೆ ಮುಂಜಾನೆ ಜೀಪ್ ಬರತೈತ್ರಿ. ಮಗಳ ಕುಬಸ, ನೆಪ್ಪೈತಲ್ರಿ?" ಎಂದು ಹೇಳಿ ಹೋದ.

ನಿಮ್ಮ ಅಜ್ಜ ಗೂಡಿನ ಮುಂದೆ ನಿಂತರು. ಅಲ್ಲಿದ್ದದ್ದು ರಾಣೆಬೆನ್ನೂರಿನ ಕಾಯಿ ಮಾತ್ರ.

"ಯವ್ವಾ, ಹದಿನೈದು ದಿನದ ಹಿಂದ ಇಲ್ಲೊಂದು ಕಾಯಿ ಇಟ್ಟಿದ್ನಲ್ಲ?"

"ಅಮಾಸಿಗೆ ಕಡಬು ಮಾಡಿದ್ವಲ್ಲೋ."

"ಅದು ಬ್ಯಾಡಗಿ ಕಾಯಿ ಬೇ."

"ಕಾಯಿಗೇನು ಊರ ಹೆಸರು ಬರದಿರತೈತೇನು? ಒಡದೆ. ನೀನೂ ಇನ್ನೊಂದು ಹಾಕು ಅಂತ ಹಾಕಿಸ್ಕೊಂಡು ತಿಂದೀದಿ."

ಮುಂಜಾನೆ ಬ್ಯಾಡಗಿ, ಸಂಜೆ ರಾಣೆಬೆನ್ನೂರು ಎಂದು ತೀರ್ಮಾನವಾಯಿತು. "ಕಾಯಿ ಒಡದಾಕಿ ನಾನು, ನಾನೂ ಬರ್ತೇನಿ" ಎಂದು ಅತ್ತೆ ಹೊಸ ಇಲಕಲ್ ಸೀರೆ ಉಟ್ಟು ಜೀಪಿನಲ್ಲಿ ಎಲ್ಲರಿಗಿಂತ ಮೊದಲು ಕೂತರು. ಕುಬಸದ ಊಟದ ಮೇಲೆ ಅವರ ಕಣ್ಣಿತ್ತು. ಶ್ರುತಿಪೆಟ್ಟಿಗೆ ಒತ್ತಲು ನಾನು ಎಲ್ಲ ಕಡೆಗೂ ಹೋಗುತ್ತಿದ್ದೆ. ಸೆರಗು ಹೊದ್ದು ತಲೆ ತಗ್ಗಿಸಿ ಕೂತುಬಿಟ್ಟರೆ ಎದುರಿಗೆ ಎಷ್ಟು ಜನರಿದ್ದಾರೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಅದಕ್ಕೇ ಆ ಕೆಲಸ ನನಗೆ ಹಿಡಿಸಿತ್ತು.

ಸಾಹುಕಾರರ ಚಪ್ಪರದ ಹಿಂದೆಯೇ ಮೆಣಸಿನಕಾಯಿ ರಾಶಿ. ಆಳುಗಳು ಚೀಲ ತುಂಬುತ್ತಿದ್ದರು. ಆ ಘಾಟು ಊರಿನವರಿಗೆ ರೂಢಿ, ನಮಗಲ್ಲ. ಇವರು ಸ್ವರ ಏರಿಸಲು ಬಾಯಿ ತೆರೆದರೆ ಕೆಮ್ಮು ಹೊರಗೆ ಬರುತ್ತಿತ್ತು.

"ಇವತ್ತು ಗಾಳಿ ಈ ಕಡೆ ಐತ್ರಿ, ಅಷ್ಟ. ನೀವು ಹಾಡ್ರಿ" ಎಂದರು ಸಾಹುಕಾರರು.

ಎಲೆ ಹಾಕಿರಲಿಲ್ಲವಾದ್ದರಿಂದ ಜನ ಕೆಮ್ಮನ್ನೂ ಕೂತು ಕೇಳಿದರು. ಮುಗಿಯುವ ಹೊತ್ತಿಗೆ ಇವರ ದನಿ ಪೂರ್ತಿ ಹೋಗಿತ್ತು.

ಸಂಜೆ ರಾಣೆಬೆನ್ನೂರಿನಲ್ಲಿ ಜಮಖಾನದ ತುಂಬ ಜನ ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಇವರು ಹಾಡತೊಡಗಿದರು. ಹಾರ್ಮೋನಿಯಂ ತಿದಿಯಲ್ಲಿ ತೂತು ಬಿದ್ದ ಹಾಗೆ ಗಂಟಲಿನಿಂದ ಬರೀ ಗಾಳಿ ಬಂತು. ಹಿಂದೆ ಕೂತವರು ಸೀರೆ ಕೊಡವಿಕೊಂಡು ಏಳುವ ಸದ್ದಾಯಿತು. ಇವರು ನನ್ನ ಕಡೆ ನೋಡಿದರು. ನಾನು ಜಮಖಾನದ ಪಟ್ಟಿ ನೋಡಿದೆ.

ಕಟ್ಟೆಯ ಅಂಚಿನಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅತ್ತೆ ಕೇಳಿದರು: "ಯಾಕ್ರೆವಾ, ಒಲಿ ಮ್ಯಾಲೆ ಹಾಲಿಟ್ಟು ಬಂದೀರೇನು? ಕುಂದ್ರಿ." ಹಾಗೆಂದು ಬೀಸುವ ಪದ ಎತ್ತಿಕೊಂಡರು. ಬೀಸುವ ಪದದಲ್ಲಿ ಮನೆಯ ಸುದ್ದಿಯನ್ನೆಲ್ಲ ಸೇರಿಸಬಹುದು. ಅವರು ಗೂಡಿನ ಕಾಯಿ ಕಾಯುವ ಮಗನನ್ನು ಸೇರಿಸಿದರು, ಕಡಬು ಸೇರಿಸಿದರು, ಮುಖ ಎತ್ತದ ಸೊಸೆಯನ್ನೂ ಬಿಡಲಿಲ್ಲ. ಹೆಂಗಸರು ನಗುತ್ತ ಹಿಂದೆ ದನಿಗೂಡಿಸಿದರು. ಅತ್ತೆಯ ಶ್ರುತಿ ಯಾವುದೆಂದು ಅತ್ತೆಗೇ ಗೊತ್ತಿರಲಿಲ್ಲ. ನಾನು ಒತ್ತುವುದನ್ನೇ ಬಿಟ್ಟೆ. ಇವರು ಮಾತ್ರ ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತ, ಅವ್ವ ಹೋದಲ್ಲೆಲ್ಲ ಬೆನ್ನು ಹತ್ತಿದರು. ಅಷ್ಟು ಚೆನ್ನಾಗಿ ಅವರು ನುಡಿಸಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಯಾರೂ ಎದ್ದು ಹೋಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ಪಿಸುದನಿಯಲ್ಲಿ, "ಊಟ ಇಲ್ಲದ ಕುಂತ್ರಬೇ" ಎಂದರು.

"ಕುಂತ್ರಪಾ" ಎಂದರು ಅತ್ತೆ. "ಪೇಟಿ ಚಲೋ ಬಾರಿಸಿದಿ."

ಆಮೇಲೆ ಆ ತರುಣರು ಇನ್ನೊಂದು ಕಾಯಿ ಹಿಡಿದು ಬಂದರು. ನಿಮ್ಮ ಅಜ್ಜ ಕೈ ಚಾಚಿದರು. ಅವರು, "ಬೀಸೂ ಪದಾ ಹಾಡಿದ ಆಯಿ ಎಲ್ಲದಾರ್ರಿ? ಅವರ ಕೈಯಾಗ ಕೊಡಬೇಕ್ರಿ" ಎಂದರು.

ಮುಂದಿನ ಅಮಾವಾಸ್ಯೆಗೆ ಗೂಡಿನಲ್ಲಿ ಅದೊಂದೇ ಕಾಯಿ. ಇವರು ಕಡಬಿನ ಮಾತೆತ್ತಿದರು.

"ಅದನ್ನ ಮುಟ್ಟಬ್ಯಾಡ, ನನ್ನ ಕಾರ್ಯಕ್ರಮದ ಕಾಯಿ ಅದು" ಎಂದರು ಅತ್ತೆ. "ಕಡಬು ಬೇಕಂದ್ರ ಪ್ಯಾಟಿಗೆ ಹೋಗಿ ಬ್ಯಾರೆ ತೊಗೊಂಡು ಬಾ."

ಇವರು ಗೂಟದ ಮೇಲಿನ ಚೀಲ ತೆಗೆದುಕೊಂಡು ಹೊರಟರು.