ಕುರ್ಚಿಯ ಮೇಲಿನ ಬೆಳಕು

ಆ ಮುದ್ರಣಶಾಲೆಯಲ್ಲಿ ಎಲ್ಲರೂ ಅವಳನ್ನು ಅಂಗೈಯಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸ ಒಂದೇ, ತಾಮ್ರದ ತಗಡು ಒರೆಸುವುದು. ಚಿತ್ರಕಾರರು ತಗಡಿನ ಮೇಲೆ ಸೂಜಿಯಿಂದ ಗೀರಿ ಚಿತ್ರ ಮಾಡಿಕೊಟ್ಟು ಹೋಗುತ್ತಾರೆ. ಅದಕ್ಕೆ ಶಾಯಿ ಮೆತ್ತಿ, ಗೀರಿನೊಳಗಿನ ಶಾಯಿ ಉಳಿದು ಮೇಲಿನದು ಹೋಗುವ ಹಾಗೆ ಮೊದಲು ಜಾಳು ಬಟ್ಟೆಯಲ್ಲಿ, ಆಮೇಲೆ ಬರಿಯ ಅಂಗೈಯಲ್ಲಿ ಒರೆಸಬೇಕು. ಕಡಿಮೆ ಒರೆಸಿದರೆ ಚಿತ್ರ ಮಸಿ ಹಿಡಿದ ಪಾತ್ರೆಯ ತಳ. ಹೆಚ್ಚು ಒರೆಸಿದರೆ ಗೀರಿನ ಜೀವವೇ ಎದ್ದು ಕೈಗೆ ಬರುತ್ತದೆ. ಇವೆರಡರ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಅಂಗೈಯಮ್ಮನಿಗೆ ಗೊತ್ತಿತ್ತು. ಗೊತ್ತಿದೆ ಅನ್ನುವುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ.

ಅವಳ ನಾದಿನಿಗೂ ಅಲ್ಲೇ ಕೆಲಸ. ಗಂಡನ ಈ ತಂಗಿ ಹದಿನೇಳು ವರ್ಷದಿಂದ ಗೋಡೆಬದಿಯ ತೊಟ್ಟಿಯ ಹತ್ತಿರ ನಿಂತು, ಅಚ್ಚಿಗೆ ಹೋಗುವ ದಪ್ಪ ಕಾಗದವನ್ನು ನೀರಲ್ಲಿ ನೆನೆಸಿ ಹದ ಮಾಡಿ ಕೊಡುತ್ತಿದ್ದಳು. ಅವಳದು ಕೇಳಿದ್ದಕ್ಕಷ್ಟೇ ಉತ್ತರ. ಒಮ್ಮೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, "ಅತ್ತಿಗೆ, ನಾನೂ ಒಂದ್ಸಲ ಒರೆಸಿ ನೋಡ್ಲಾ?" ಎಂದು ಕೇಳಿದ್ದಳು. "ನಿನ್ನ ಕೈಗೆ ಅದು ಒಗ್ಗಲ್ಲ ಬಿಡೇ" ಎಂದು ಅಂಗೈಯಮ್ಮ ನಕ್ಕುಬಿಟ್ಟಿದ್ದಳು. ಅಲ್ಲಿಗೆ ಆ ಮಾತು ಮುಗಿದಿತ್ತು.

ಆ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಚಿತ್ರಕಾರರು ಬಂದು, ಮೊದಲು ತೆಗೆದ ಪ್ರತಿ ನೋಡಿ, ಮನಸ್ಸಿಗೆ ಬಂದರೆ ಅದರ ಅಂಚಿನಲ್ಲಿ 'ಹೀಗೇ ಇರಲಿ' ಎಂದು ಪೆನ್ಸಿಲ್ಲಿನಲ್ಲಿ ಬರೆದು ಸಹಿ ಹಾಕುತ್ತಾರೆ. ಆಮೇಲೆ ಅದು ಗೋಡೆಗೇರುತ್ತದೆ. ಮುಂದೆ ತೆಗೆಯುವ ನಲವತ್ತೂ ಪ್ರತಿ ಅದರ ಹಾಗೇ ಇರಬೇಕು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಕೂಡದು.

ಈ ಸಲದ ತಗಡು ಒಬ್ಬ ಮುದುಕ ಚಿತ್ರಕಾರರದು. ಒಂದು ಕಿಟಕಿ, ಕಿಟಕಿಯ ಪಕ್ಕ ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಒಂದು ಶಾಲು. ಅವರು ಬರುವ ದಿನವೇ ಅಂಗೈಯಮ್ಮನಿಗೆ ಹಲ್ಲುನೋವು ತಲೆಗೇರಿತ್ತು. ಹೇಗೋ ಒಂದು ಒಳ್ಳೆಯ ಪ್ರತಿ ತೆಗೆದು, "ಅವರು ಬಂದ್ರೆ ಇದನ್ನ ತೋರ್ಸು" ಎಂದು ನಾದಿನಿಗೆ ಹೇಳಿ, ಕೆನ್ನೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಓಡಿದ್ದಳು. ಮಾರನೆಯ ದಿನ ಬರುವಷ್ಟರಲ್ಲಿ ಸಹಿಯಾದ ಪ್ರತಿ ಗೋಡೆಯ ಮೇಲಿತ್ತು. ಕುರ್ಚಿಯ ಮೇಲೆ ತೆಳ್ಳಗೆ ಬೆಳಕು ಬಿದ್ದಿತ್ತು. ಯಾರೋ ಈಗಷ್ಟೇ ಎದ್ದು ಒಳಗೆ ಹೋದ ಹಾಗೆ. ನೋವಿನಲ್ಲೂ ಎಷ್ಟು ಚೆನ್ನಾಗಿ ತೆಗೆದಿದ್ದೇನೆ ಎಂದು ಅಂಗೈಯಮ್ಮ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಪೇಚಾಟ ಶುರುವಾದದ್ದು ಅವತ್ತು ಮಧ್ಯಾಹ್ನ. ಐದು ಪ್ರತಿ ತೆಗೆದಳು, ಐದರಲ್ಲೂ ಆ ಬೆಳಕಿಲ್ಲ. ಗೀರು ಗೀರೂ ಸ್ಪಷ್ಟ, ಬಿಳಿ ಬಿಳಿಯಾಗಿ, ಕಪ್ಪು ಕಪ್ಪಾಗಿ ಬಂದಿತ್ತು. ಆದರೆ ಕುರ್ಚಿ ಬರೀ ಕುರ್ಚಿಯಾಗಿತ್ತು, ಅಂಗಡಿಯಲ್ಲಿ ಮಾರಾಟಕ್ಕಿಟ್ಟದ್ದು. ಮುದ್ರಣಶಾಲೆಯ ಯಜಮಾನರು ಭೂತಗನ್ನಡಿ ಹಿಡಿದು ಗೋಡೆಗೂ ಮೇಜಿಗೂ ನಾಲ್ಕು ಸಲ ಓಡಾಡಿ, "ಏನೋ ಒಂಚೂರು ಕಮ್ಮಿ ಆಗ್ತಿದೆಯಲ್ಲಮ್ಮ" ಎಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಆಮೇಲಿನ ನಾಲ್ಕು ದಿನ ಅವಳು ಮಾಡದ ಪ್ರಯತ್ನವಿಲ್ಲ. ತಗಡನ್ನು ಹೆಚ್ಚು ಬಿಸಿ ಮಾಡಿದಳು, ಆಮೇಲೆ ಕಡಿಮೆ ಬಿಸಿ ಮಾಡಿದಳು. ಶಾಯಿಯ ಡಬ್ಬಿ ಬದಲಾಯಿಸಿದಳು. ಹಳೆಯ ಬಟ್ಟೆ ಬಿಟ್ಟು ಹೊಸದು ಹಿಡಿದಳು, ಹೊಸದು ಬಿಟ್ಟು ಹಳೆಯದಕ್ಕೆ ಬಂದಳು. ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿ ನೋಡಿದಳು, ಹಚ್ಚದೆಯೂ ನೋಡಿದಳು. ಹಲ್ಲುನೋವಿನ ದಿನ ಹಾಕಿಕೊಂಡಿದ್ದ ಏಪ್ರನ್ನನ್ನೇ ಒಗೆಯದೆ ಮತ್ತೆ ಹಾಕಿಕೊಂಡಳು, ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜೀವಮಾನವಿಡೀ ಬೇರೆಯವರನ್ನು ಆಡಿಕೊಂಡವಳು, ಈಗ ಪ್ರೆಸ್ಸಿನ ಕಾಲಿನ ಕೆಳಗೆ ರಟ್ಟಿನ ಚೂರು ಇಟ್ಟು ನೆಲ ಸಮ ಮಾಡುತ್ತಿದ್ದಳು.

ಮನೆಯಲ್ಲಿ ಗಂಡ, ನಿವೃತ್ತ ಬಸ್ ಡ್ರೈವರು, ತನಗೆ ತಿಳಿದಷ್ಟು ಹೇಳಿದ. "ಅವತ್ತು ಮೋಡ ಇತ್ತು ಕಣೇ, ಅದಕ್ಕೇ ಇರ್ಬೇಕು."

"ಮೋಡಕ್ಕೂ ತಗಡಿಗೂ ಏನ್ರೀ ಸಂಬಂಧ?"

"ನಂಗೇನ್ ಗೊತ್ತು? ಮೋಡ ಇದ್ದಾಗ ನಮ್ ಗಾಡೀನೂ ಬೇಗ ಸ್ಟಾರ್ಟ್ ಆಗ್ತಿರ್ಲಿಲ್ಲ."

ಅವಳಿಗೆ ನಗು ಬರಲಿಲ್ಲ. ತಟ್ಟೆ ತೊಳೆಯುತ್ತಾ ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಒಳಗೊಳಗೇ ಕೊರೆಯುತ್ತಿದ್ದದ್ದು ಒಂದೇ ಭಯ. ಕೈ ಹೋಯಿತೇ? ಹಾಡುವವರ ಗಂಟಲು ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗುತ್ತದಂತೆ, ಹಾಗೆ ತನ್ನ ಕೈಯೂ ಹೋಯಿತೇ? ಅಂಗೈ ಹೋದ ಮೇಲೆ ಅಂಗೈಯಮ್ಮನಲ್ಲಿ ಉಳಿಯುವುದಾದರೂ ಏನು? ಕೈಯನ್ನು ಡಾಕ್ಟರಿಗೆ ತೋರಿಸಿದಳು. ಅವರು ಬೆರಳು ಮಡಿಸಿ, ಬಿಡಿಸಿ, ಸೂಜಿ ಚುಚ್ಚಿ, "ಮೂವತ್ತರ ಹೆಂಗಸಿನ ಕೈ ಇದ್ದಂಗಿದೆ, ಹೋಗಿಬನ್ನಿ" ಎಂದರು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಇವಳಿಗೆ ತಲೆ ಇನ್ನಷ್ಟು ಕೆಟ್ಟಿತು. ಕೈ ಸರಿ, ಶಾಯಿ ಸರಿ, ತಗಡು ಅದೇ ತಗಡು, ಹಾಗಾದರೆ ಗೋಡೆಯ ಮೇಲಿನದನ್ನು ಮಾಡಿದವಳು ಯಾರು? ತಾನೇ ತಾನೆ?

ಈ ನಡುವೆ ನಾದಿನಿಯೂ ಎಡವಟ್ಟು ಮಾಡುತ್ತಿದ್ದಳು. ಎರಡು ಕಾಗದ ಹರಿದಳು. ಕರೆದರೆ ಓಗೊಡಲಿಲ್ಲ. "ನಿಂಗೇನಾಗಿದೆ ರೋಗ?" ಎಂದು ಅಂಗೈಯಮ್ಮ ರೇಗಿದಳು. ನಾದಿನಿ ತೊಟ್ಟಿಯ ನೀರು ನೋಡುತ್ತಾ ನಿಂತಳು.

ಹನ್ನೊಂದನೆಯ ಪ್ರತಿಯೂ ಬರೀ ಕುರ್ಚಿಯಾದಾಗ ಯಜಮಾನರು ಸ್ಟೂಲು ಎಳೆದುಕೊಂಡು ಕೂತರು. ಮೆತ್ತಗೆ ಮಾತಾಡಿದರು, ಅದೇ ಹೆಚ್ಚು ಚುಚ್ಚಿತು. "ಶುಕ್ರವಾರ ಅವ್ರು ಬರ್ತಾರೆ. ಇನ್ನೊಂದು ಪ್ರತಿಗೆ ಸಹಿ ಹಾಕ್ಕೊಡಿ, ನಮ್ ಕೈಲಿ ಅದೇ ಥರ ಬರ್ತಿಲ್ಲ ಅಂತ ಕೇಳ್ಕೊಳ್ಳೋಣ. ಏನಂತೀರಿ?"

ಅಂಗೈಯಮ್ಮ ಏಪ್ರನ್ನಿನ ಗಂಟು ಬಿಚ್ಚಿದಳು, ಮಡಿಸಿದಳು, ಮೇಜಿನ ಮೇಲಿಟ್ಟಳು. "ನಮ್ ಕೈ ಅನ್ಬೇಡಿ ಯಜಮಾನ್ರೇ. ನನ್ ಕೈ. ಅದು ಹೋಯ್ತು. ನಾಳೆಯಿಂದ ನಾನು ಬರಲ್ಲ" ಎಂದಳು.

ಆಗ ತೊಟ್ಟಿಯ ಹತ್ತಿರದಿಂದ ನಾದಿನಿ, "ಅತ್ತಿಗೆ, ಅದು ನಿಮ್ಮದಲ್ಲ" ಎಂದಳು.

"ಯಾವ್ದೇ?"

"ಗೋಡೆ ಮೇಲಿರೋದು. ನೀವು ತೆಗೆದಿಟ್ಟು ಹೋದ್ರಲ್ಲ, ಅದನ್ನ ಎತ್ತಿಡೋವಾಗ ನನ್ ಒದ್ದೆ ಹೆಬ್ಬೆರಳು ಶಾಲಿನ ಮೇಲೆ ಕೂತ್ಬಿಡ್ತು. ಎಲ್ಲಾ ಕಲಸಿಹೋಯ್ತು. ಅವ್ರು ಬರಕ್ಕೆ ಒಂದು ಗಂಟೆ ಇತ್ತು. ಏನ್ ಮಾಡೋದು ತೋಚ್ಲಿಲ್ಲ. ನಾನೇ ಶಾಯಿ ಹಚ್ಚಿ, ಒರೆಸಿ, ತೆಗ್ದೆ. ಹೇಳೋಣ ಅಂದ್ಕೊಂಡೆ, ಅಷ್ಟ್ರಲ್ಲಿ ಅವ್ರು ಸಹಿ ಹಾಕ್ಬಿಟ್ರು. ಮಾರನೇ ದಿನ ನೀವು ಅದನ್ನ ನೋಡಿ ಅಷ್ಟು ಖುಷಿಪಟ್ರಿ. ಆಮೇಲೆ ಬಾಯೇ ಬರ್ಲಿಲ್ಲ."

ಯಜಮಾನರು ಭೂತಗನ್ನಡಿ ಕೆಳಗಿಟ್ಟರು. ಅಂಗೈಯಮ್ಮನಿಗೆ ನಂಬಿಕೆ ಬರಲಿಲ್ಲ. ನಂಬುವುದು ಅವಮಾನ, ನಂಬದಿದ್ದರೆ ಕೈ ಹೋದ ಹಾಗೆ. ಎರಡರಲ್ಲಿ ಯಾವುದು ಮೇಲು ಎಂದೂ ತಿಳಿಯದೆ ಅವಳು ಶಾಯಿ ಹಚ್ಚಿದ ತಗಡನ್ನು ನಾದಿನಿಯ ಮುಂದೆ ತಳ್ಳಿದಳು. "ಒರೆಸು, ನೋಡೋಣ."

ನಾದಿನಿ ಒರೆಸಿದ್ದು ನೋಡಿದರೆ ಯಾರಿಗಾದರೂ ಅಳು ಬರಬೇಕು. ಬಟ್ಟೆ ಹಿಡಿದದ್ದು ತಪ್ಪು, ಅಂಗೈ ಇಟ್ಟದ್ದು ತಪ್ಪು. ಅಂಚಿನಿಂದ ಹೊರಟವಳು ಕುರ್ಚಿಯ ಹತ್ತಿರ ಬರುವಾಗ ಕೈ ಹಗುರ ಮಾಡಿದಳು, ಎರಡು ಸಲ ಸವರಿದಳು, ನಿಲ್ಲಿಸಿಬಿಟ್ಟಳು. ಅಲ್ಲಿ ಶಾಯಿಯ ತೆಳು ಪೊರೆ ಉಳಿದಿತ್ತು, ಅಂಗೈಯಮ್ಮ ಆಗಿದ್ದರೆ ಇನ್ನೂ ಆರು ಸಲ ಒರೆಸಿ ಅದನ್ನೂ ತೆಗೆಯುತ್ತಿದ್ದಳು.

"ಯಾಕೆ ನಿಲ್ಲಿಸ್ದೆ?"

"ಭಯ ಅತ್ತಿಗೆ. ಜಾಸ್ತಿ ಒರೆಸಿದ್ರೆ ಎಲ್ಲಿ ಹಾಳಾಗತ್ತೋ ಅಂತ. ಅವತ್ತೂ ಇಲ್ಲಿಗೇ ಬಿಟ್ಟಿದ್ದೆ."

ತಗಡಿನ ಮೇಲೆ ಕಾಗದ, ಅದರ ಮೇಲೆ ಕಂಬಳಿ ಹೊದಿಸಿದರು, ಪ್ರೆಸ್ಸಿನ ಚಕ್ರ ತಿರುಗಿತು. ಕಂಬಳಿ ಸರಿಸಿ ಕಾಗದ ಎತ್ತಿದರು. ಕುರ್ಚಿಯ ಮೇಲೆ ತೆಳ್ಳಗೆ ಬೆಳಕು ಬಿದ್ದಿತ್ತು. ಯಾರೋ ಈಗಷ್ಟೇ ಎದ್ದು ಹೋಗಿದ್ದರು. ಯಜಮಾನರು ಅದನ್ನು ಗೋಡೆಯ ಹತ್ತಿರ ಒಯ್ದು ಹಿಡಿದರು, ಈ ಸಲ ಭೂತಗನ್ನಡಿ ಬೇಕಾಗಲಿಲ್ಲ. ಅವರು ಇಬ್ಬರಲ್ಲಿ ಯಾರನ್ನೂ ನೋಡದೆ, ಶಾಯಿ ಡಬ್ಬಿಯ ಮುಚ್ಚಳ ಹುಡುಕಲು ಹೋದರು.

ಅಂಗೈಯಮ್ಮನ ಎದೆಯ ಭಾರ ಇಳಿಯಿತು. ಕೈ ಹೋಗಿರಲಿಲ್ಲ, ಮೊದಲಿದ್ದ ಹಾಗೇ ಇತ್ತು. ಮರುಕ್ಷಣವೇ ಇನ್ನೊಂದು ಭಾರ ಬಂದು ಕೂತಿತು. ಆ ಮುದುಕರು ಇಷ್ಟಪಟ್ಟದ್ದು ಈ ಕೈಯನ್ನಲ್ಲ. ಇಪ್ಪತ್ತೊಂಬತ್ತು ವರ್ಷ ಅವಳು ಒರೆಸಿ ಒರೆಸಿ ತೆಗೆದುಹಾಕಿದ್ದರಲ್ಲಿ ಇಂಥ ಬೆಳಕು ಇನ್ನೆಷ್ಟಿತ್ತೋ. ನಾದಿನಿಯ ಮೇಲೆ ಸಿಟ್ಟು ಬಂತು, ಮುದ್ದೂ ಬಂತು. ಅಳಬೇಕೋ ನಗಬೇಕೋ ಅವಳಿಗೇ ಗೊತ್ತಾಗಲಿಲ್ಲ. ಸುಮ್ಮನೆ ನಿಂತರೆ ಮಾತ್ರ ಕೆಲಸ ಸಾಗುವುದಿಲ್ಲ. ಇನ್ನೂ ಮೂವತ್ತೊಂಬತ್ತು ಪ್ರತಿ ಬಾಕಿ ಇತ್ತು.

ಮಡಿಸಿಟ್ಟ ಏಪ್ರನ್ನು ಬಿಡಿಸಿ ನಾದಿನಿಯ ಸೊಂಟಕ್ಕೆ ಕಟ್ಟಿದಳು, ಸ್ವಲ್ಪ ಬಿಗಿಯಾಗಿಯೇ. ಆಮೇಲೆ ಹೋಗಿ ತೊಟ್ಟಿಯ ಮುಂದೆ ನಿಂತಳು. ನೀರಿನಲ್ಲಿ ಬಿಳಿಯ ಕಾಗದಗಳು ಮಲಗಿದ್ದವು.

"ಇದನ್ನ ಎಷ್ಟು ಹೊತ್ತು ನೆನೆಸ್ತೀಯೇ?" ಎಂದು ಕೇಳಿದಳು. ಹದಿನೇಳು ವರ್ಷ ಪಕ್ಕದಲ್ಲೇ ನಿಂತು ಕಾಗದ ಇಸಕೊಂಡವಳು ಇದನ್ನು ಎಂದೂ ಕೇಳಿರಲಿಲ್ಲ.

"ಹೊತ್ತು ನೋಡಲ್ಲ ಅತ್ತಿಗೆ. ತೆಗೆದು ಒತ್ತಿ, ಕೆನ್ನೆಗೆ ಇಟ್ಕೊಂಡು ನೋಡ್ತೀನಿ. ತಣ್ಣಗಿರ್ಬೇಕು, ಒದ್ದೆ ಆಗಬಾರ್ದು."

ಅಂಗೈಯಮ್ಮ ಒಂದು ಕಾಗದ ಎತ್ತಿ, ನೀರು ಇಳಿಸಿ, ಒತ್ತಿ, ಕೆನ್ನೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ನಿಂತಳು.

"ಆಗಿದ್ಯಾ ಅತ್ತಿಗೆ?"

"ಗೊತ್ತಾಗ್ತಿಲ್ಲ ಕಣೇ" ಎಂದಳು. "ನೀನೇ ಬಂದು ನೋಡು."