ಬರಬೇಡಿ ಎಂದು ಹೇಳಲು ಹೋದವರು

ಗೆಳೆಯರೇ, ಹುಲಿಗಿಯಲ್ಲಿ ನಡೆಯುವ ನನ್ನ ಮದುವೆಗೆ ಅರವತ್ತೇ ಜನ ಎಂದು ಎರಡೂ ಮನೆಯವರು ಒಪ್ಪಿದ್ದರು. ಹುಡುಗನ ಕಡೆ ಇರುವುದು ತಾಯಿ, ತಂಗಿ, ಹತ್ತು ಮಂದಿ ನೆಂಟರು. ನಮ್ಮವರ ಗದ್ದಲದಲ್ಲಿ ಆ ತಾಯಿ ಒಂಟಿಯಾಗಿ ನಿಲ್ಲಬಾರದೆಂದು ನಾನೇ ಮಾತು ಕೊಟ್ಟಿದ್ದೆ.

ಕರೆಯದ ಬಂಧುಗಳಿಗೆ ಬೇಸರವಾಗದಿರಲಿ ಎಂದು ಅಪ್ಪ, ಅವ್ವ ಇವತ್ತು ಮರಳಿ ಎಂಬ ಊರಿಗೆ ಹೋಗಿ ಮನೆಮನೆಗೂ ತಿಳಿಸಿ ಬಂದರು. ಸಂಜೆ ನೋಡಿದರೆ ಅವ್ವನ ಕುಂಕುಮದ ಭರಣಿ ಖಾಲಿ.

"ಏನಂತ ಹೇಳಿದ್ರಿ ಅವರಿಗೆ?" ಎಂದೆ.

"ಮದುವಿ ಸಣ್ಣದಾಗಿ ಮಾಡಾಕತ್ತೀವಿ, ತಪ್ಪು ತಿಳ್ಕೋಬ್ಯಾಡ್ರಿ ಅಂದೆ," ಎಂದರು ಅಪ್ಪ.

"ಮತ್ತ ಕುಂಕುಮ?"

"ಹಚ್ಚದ ಹೆಂಗ ಬರೂದು? ಸತ್ತ ಸುದ್ದಿ ಹೇಳಾಕ ಹೋದಂಗ ಆಗತೈತಿ," ಎಂದಳು ಅವ್ವ.

ನಮ್ಮಲ್ಲಿ ಮನೆಗೆ ಬಂದು ಮದುವೆ ಸುದ್ದಿ ಹೇಳಿ ಕುಂಕುಮ ಹಚ್ಚಿದರೆ ಅದೇ ಆಮಂತ್ರಣ.

"ಅವರೇನಂದ್ರು?"

ಅಪ್ಪ ಗೋಡೆ ನೋಡಿದರು. "ಮನಿತನಕ ಬಂದು ಹೇಳೀರಿ, ಬರದ ಇರ್ತೀವೇನ್ರಿ ಅಂದ್ರು."

"ಎಷ್ಟು ಮನಿ?"

"ನಲವತ್ತು. ನಾಳೆ ನವಲಿಗೆ ಹೋಗಬೇಕು."

ಬೈಕಿನ ಕೀಲಿ ಕಿತ್ತುಕೊಂಡೆ. ಅಪ್ಪ ಚಹಾ ಮುಟ್ಟದೆ ಕೂತಿದ್ದಾರೆ. ಅತ್ತೆಯಾಗುವವರಿಗೆ ಹೇಗೆ ಹೇಳಲಿ ಎಂದು ನಾನು ಫೋನ್ ಹಿಡಿದು ಕೂತಿದ್ದೇನೆ.

ಅಂದಹಾಗೆ, ನಿಮ್ಮನ್ನೂ ಕರೆಯುತ್ತಿಲ್ಲ. ಇಲ್ಲೇ ಬರೆದು ತಿಳಿಸುತ್ತಿದ್ದೇನೆ. ನಿಮ್ಮ ಮನೆಗೆ ಬಂದು ಹೇಳುವ ಧೈರ್ಯ ನನಗಿಲ್ಲ.