ಜೋಳ ಒಡೆಯದ ಕೂರಿಗೆ

ಆಕೆಯ ಬಲಗೈ ಎಂದೂ ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಮಾತಾಡುವಾಗ, ಚಹಾ ಕುಡಿಯುವಾಗ, ಸುಮ್ಮನೆ ಕೂತಾಗಲೂ ಮುಷ್ಟಿ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಜಾರುತ್ತಲೇ ಇರುತ್ತಿತ್ತು. ಮುಂಬಯಿಯ ಕುರ್ಲಾದ ಆ ಓಣಿಯವರು ಅದನ್ನು ವಾಯು ಎಂದುಕೊಂಡಿದ್ದರು. ನನಗೆ ಮಾತ್ರ ನೋಡಿದ ಕೂಡಲೇ ತಿಳಿಯಿತು. ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ, ಅದರ ಬಟ್ಟಲಿಗೆ ಸಣ್ಣಗೆ ಜೋಳ ಬಿಡುವ ಹೆಂಗಸಿನ ಕೈ ಅದು. ನಮ್ಮವ್ವನ ಕೈಯೂ ಹಾಗೇ ಇತ್ತು. ನಮ್ಮ ವಿಜಾಪುರದ ಎರೆಹೊಲದ ಕೈ ಇಲ್ಲಿ ಹಳೇ ಕಬ್ಬಿಣದ ನಡುವೆ ಕೂತಿದೆಯಲ್ಲ ಎಂದು ಬೆಪ್ಪಾಗಿ ನಿಂತುಬಿಟ್ಟೆ.

ಎಲ್ಲರೂ ಆಕೆಯನ್ನು ಖಾಲಾ ಎನ್ನುತ್ತಿದ್ದರು, ನಮ್ಮಲ್ಲಿ ಚಿಕ್ಕವ್ವ ಎಂದ ಹಾಗೆ. ಗಂಡ ತೀರಿಕೊಂಡ ಮೇಲೆ ಗುಜರಿ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಹಳೇ ನೇಗಿಲು, ಕುಂಟೆ, ಎಲ್ಲೆಲ್ಲಿಂದಲೋ ಬಂದ ಟ್ರ್ಯಾಕ್ಟರಿನ ಸಾಮಾನು, ಎಲ್ಲ ಅಲ್ಲಿ ಸಿಗುತ್ತಿತ್ತು.

ನಾನು ಮೊದಲು ಹೋದದ್ದು ರೊಟ್ಟಿ ಹಂಚಿಗೆ. ಮದುವೆಯಾಗಿ ಆಂಟಾಪ್ ಹಿಲ್‌ನ ಕಾಲೊನಿಗೆ ಬಂದ ಹೊಸದು. ಇಲ್ಲಿಯ ತೆಳ್ಳನೆ ತವೆಯ ಮೇಲೆ ಜೋಳದ ರೊಟ್ಟಿ ಹೊತ್ತುತ್ತಿತ್ತೇ ಹೊರತು ಬೇಯುತ್ತಿರಲಿಲ್ಲ. ಯಾರೋ ಹೇಳಿದರೆಂದು ಲೋಕಲ್ ಹಿಡಿದು ಹೋದರೆ, ಬುರ್ಖಾದ ಮುಖಪರದೆಯನ್ನು ತಲೆಯ ಮೇಲೆಸೆದುಕೊಂಡ ಹೆಂಗಸೊಬ್ಬಳು ಕಬ್ಬಿಣದ ರಾಶಿಯ ತುದಿಯಲ್ಲಿ ಕೂತು, ಸುತ್ತಿಗೆಯಿಂದ ಒಂದೊಂದನ್ನೇ ಬಡಿದು ದನಿ ಕೇಳುತ್ತಿದ್ದಾಳೆ. ಹೆಂಗಸರು ಹಾಗೆ ಕೂರುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಯಾಕ ತಂಗೆವ್ವ, ದೆವ್ವ ನೋಡಿದಂಗ ನೋಡಾಕತ್ತಿ? ಹಣಿಮ್ಯಾಲ ವಿಭೂತಿ ಅದ ಅಲ್ಲ, ಹೆದರಬ್ಯಾಡ" ಎಂದಳು. ಮುಂಬಯಿಯಲ್ಲಿ ನಮ್ಮೂರ ಮಾತು ಕಿವಿಗೆ ಬಿದ್ದು ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

ಟ್ರ್ಯಾಕ್ಟರಿಗೆ ಕಟ್ಟಿ ಹೆಂಟೆ ಒಡೆಯುವ, ಸವೆದ ಒಂದು ದುಂಡನೆ ತಟ್ಟೆಯನ್ನು ಎಳೆದು ಕೊಟ್ಟಳು. "ನೆಲ ಸೀಳಿದ ಕಬ್ಬಿಣ ಇದು. ನಿನ್ನ ರೊಟ್ಟಿಗೇನು ಅಂಜತದ?" ಇವತ್ತಿಗೂ ನನ್ನ ಒಲೆಯ ಮೇಲೆ ಅದೇ ಇದೆ. ಸಂಜೆ ದೇವರಿಗೆ ದೀಪ ಹಚ್ಚಿ ಆ ದಿನದ ಒಳ್ಳೆಯದನ್ನೆಲ್ಲ ಎಣಿಸುವುದು ನನ್ನ ರೂಢಿ: ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ನಮ್ಮ ಮನೆಯವರು ಲೋಕಲ್‌ನಿಂದ ನೆಟ್ಟಗೆ ಇಳಿದು ಬಂದರು. ರೊಟ್ಟಿ ಉಬ್ಬಿದ ದಿನ ಖಾಲಾನನ್ನೂ ಎಣಿಕೆಗೆ ಸೇರಿಸಿದೆ.

ಆಮೇಲೆ ಕುರ್ಲಾಕ್ಕೆ ಹೋದಾಗಲೆಲ್ಲ ಆಕೆಯ ಹತ್ತಿರ ಕೂತು ಬರುವುದಾಯಿತು. ಮಕ್ಕಳೆಷ್ಟು ಎಂದು ಒಮ್ಮೆ ಕೇಳಿದೆ.

"ಐದು ಮಂದಿ."

"ಎಲ್ಲಿ ಅದಾರ್ರಿ?"

"ಊರಾಗ. ಹೊಲದ ಬಾಜೂಕ. ಒಬ್ಬರೂ ತ್ರಾಸ ಕೊಡಾಂಗಿಲ್ಲ ನೋಡು."

ಪುಣ್ಯವಂತೆ ಎಂದುಕೊಂಡೆ. ಯಾರ ಬಾಯಲ್ಲೂ ಮಕ್ಕಳ ಬಗ್ಗೆ ಇಂಥ ಮಾತು ಕೇಳಿರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಊರಿನಿಂದ ನನ್ನ ತಮ್ಮ ಬಂದ. ಒಂದು ಹಳೇ ಪರದೇಶಿ ಟ್ರ್ಯಾಕ್ಟರ್ ಕೊಂಡಿದ್ದನಂತೆ. ನಮ್ಮ ಎತ್ತಿನಷ್ಟೂ ಎತ್ತರವಿಲ್ಲದ್ದು, ವಯಸ್ಸಿನಲ್ಲಿ ನನಗಿಂತ ಹಿರಿದು. ಎತ್ತಿನ ಜೋಡಿಯನ್ನು ಮಾರಿಬಿಟ್ಟಿದ್ದ. ಈಗ ಅದಕ್ಕೆ ಹೊಂದುವ, ಸಾಲಿಗೆ ಸಾಲು ಬಿತ್ತುವ ಸಾಧನ ಬೇಕಿತ್ತು. ಹಿಂಗಾರಿ ಜೋಳ ಬಿತ್ತುವ ದಿನಗಳು ಹತ್ತಿರ ಬಂದಿದ್ದವು. ಹೊಂದದ್ದನ್ನು ಒಯ್ದರೆ ಆ ವರ್ಷ ಹೊಲ ಬೀಳು. ಎತ್ತು ಮಾರಿದ ಸುದ್ದಿ ಕೇಳಿಯೇ ನಿನಗೆ ಹುಚ್ಚೇ ಎಂದಿದ್ದೆ. ಇಂಥ ಹುಚ್ಚು ನಮ್ಮ ಮನೆತನದಲ್ಲಿ ಇರಲಿಲ್ಲ. ಬೈಯುತ್ತಲೇ ಅವನನ್ನು ಖಾಲಾನ ಹತ್ತಿರ ಕರೆದೊಯ್ದೆ.

ಅಂಗಡಿಯಲ್ಲಿ ಮೂರು ಸಾಧನಗಳಿದ್ದವು. ನಾಲ್ಕು ಸಾಲಿನ ದೊಡ್ಡ ಮಶೀನು, ಹಸಿರು ಬಣ್ಣ ಇನ್ನೂ ಹೋಗಿರಲಿಲ್ಲ. ಎರಡು ಡಬ್ಬಿಯಿಂದ ತಾನಾಗಿ ಬೀಜ ಉದುರಿಸುವ ಎರಡು ಸಾಲಿನ ಸಣ್ಣ ಮಶೀನು. ಇನ್ನೊಂದು, ಟ್ರ್ಯಾಕ್ಟರಿಗೆ ಕಟ್ಟುವ ಕಬ್ಬಿಣದ ಕೂರಿಗೆ. ಅದಕ್ಕೆ ನಮ್ಮ ಕೂರಿಗೆಯ ಹಾಗೆ ಬಟ್ಟಲು, ಹಿಂದೆ ನಡೆದು ಕೈಯಿಂದ ಬೀಜ ಬಿಡಬೇಕು.

ತಮ್ಮ ಹಸಿರು ಬಣ್ಣದ್ದನ್ನು ಮುಟ್ಟಿ ನೋಡಿದ.

"ಅದನ್ನ ನಿನ್ನ ಕುದುರಿಮರಿಗೆ ಕಟ್ಟಿದರ ಮುಂದಿನ ಗಾಲಿ ಎತ್ತಿ ಮುಗಲು ನೋಡ್ತದ" ಎಂದಳು ಖಾಲಾ. "ಗಾಲಿ ಅಂತರ ಎಷ್ಟು?"

ತಮ್ಮ ಟ್ರ್ಯಾಕ್ಟರಿನ ಗಾಲಿಗಳ ನಡುವಿನ ಅಳತೆಗೆ ಗಂಟು ಹಾಕಿದ ಹುರಿ ತಂದಿದ್ದ. ಖಾಲಾ ಅದನ್ನು ಒಂದೊಂದರ ಮೇಲೂ ಹಿಡಿದು ನೋಡಿದಳು. "ಕಸ ತಗಿಯಾಕ ಎಡಿ ಹೊಡಿಯೂ ಮುಂದ ಗಾಲಿ ಸಾಲಿನ ನಡುವ ಹೋಗಬೇಕು, ಬೆಳಿ ತುಳೀಬಾರದು. ಸಣ್ಣವು ಎರಡೂ ಕುಂದರ್ತಾವ. ನೀ ಕೂರಿಗಿ ಒಯ್ಯಿ ತಮ್ಮಾ. ನಮ್ಮ ಜೋಳಕ್ಕ ಕೈಯೇ ಚಲೋ."

"ಡಬ್ಬಿದೇ ಬೇಕ್ರಿ."

"ಕೇಳು ಇಲ್ಲಿ..."

"ಡಬ್ಬಿದೇ ಬೇಕು."

ಖಾಲಾ ಒಳಗೆ ಹೋಗಿ ತನ್ನ ರೊಟ್ಟಿಯ ಜೋಳ ತಂದು ಡಬ್ಬಿಗೆ ಸುರಿದಳು. "ನೂಕು" ಎಂದಳು. ತಮ್ಮ ನೂಕಿದ. ಕೆಳಗೆ ಉದುರಿದ್ದು ಜೋಳವಲ್ಲ, ನುಚ್ಚು. ಬೆಳ್ಳಗೆ ಹಿಟ್ಟು.

"ಇದು ಗೋವಿನಜೋಳದ ಮಶೀನು. ಒಳಗಿನ ತಟ್ಟಿ ಕಣ್ಣು ದೊಡ್ಡವು. ನಮ್ಮ ಜೋಳ ಮೂರು ಮೂರು ಹೊಕ್ಕು ನಜ್ಜಾಗ್ತಾವ. ಇದನ್ನ ಬಿತ್ತಿದರ ಇರಿವಿಗೆ ಹಬ್ಬ."

ಎಣ್ಣೆ, ತುಕ್ಕಿನ ನೆಲದ ಮೇಲೆ ಅನ್ನ ಚೆಲ್ಲಿದ್ದು ಕಂಡು ಶಿವ ಶಿವಾ ಎನ್ನುತ್ತ ಕೂತು ನುಚ್ಚಿನಲ್ಲಿ ಉಳಿದಿದ್ದ ಇಡಿ ಕಾಳು ಆರಿಸತೊಡಗಿದೆ. ಖಾಲಾನೂ ಕೂತಳು. ಆರಿಸುತ್ತಲೇ, ತಲೆ ಎತ್ತದೆ ಕೇಳಿದಳು:

"ಕೂರಿಗಿ ಯಾಕ ಬ್ಯಾಡೋ?"

"ಬಿಡಾವ್ರು ಇಲ್ರಿ."

ನನಗೆ ಸಿಟ್ಟು ಬಂತು. "ಇಲ್ಲಂದ್ರ? ನಿನ್ನ ಹೇಣ್ತಿ ಇಲ್ಲೇನು? ಬೀಜ ಬಿಟ್ರ ಆಕೀನ ಬಿಡಬೇಕು ಅಂತ ಊರೆಲ್ಲ ಅಂತದ."

ತಮ್ಮ ಕೈಯಲ್ಲಿದ್ದ ಹುರಿಯನ್ನು ಬೆರಳಿಗೆ ಸುತ್ತತೊಡಗಿದ. ಆಗ ಖಾಲಾನ ಹೆಬ್ಬೆರಳು ನಿಂತಿತು. ಅದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಎಷ್ಟು ಹೋದವು?" ಎಂದಳು.

"ಎರಡು."

ಯಾವ ಲೆಕ್ಕ ಇದು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ತಿಳಿದಾಗ ಅಂಗೈಯಲ್ಲಿ ಆರಿಸಿದ್ದ ಕಾಳೆಲ್ಲ ಮತ್ತೆ ನೆಲಕ್ಕೆ ಬಿದ್ದವು.

"ಎರಡೂ ಬಿತ್ತೂ ಮುಂದನ ಆದದ್ದು" ಎಂದ ತಮ್ಮ, ನನ್ನ ಕಡೆ ನೋಡದೆ. "ದಿನವೆಲ್ಲ ಕೂರಿಗಿ ಹಿಂದ ನಡೀತಿದ್ದಳು. ಅಕ್ಕ ದೂರ ಅದಾಳ, ಕೇಳಿ ಏನು ಮಾಡ್ಯಾಳು, ಹೇಳಬ್ಯಾಡ ಅಂದಳು ಅವ್ವ. ಈಗ ಮತ್ತ ಬಸುರಿ. ಮನಿಯಾಗ ಕುಂದರು ಅಂದ್ರ ಕೇಳಾಂಗಿಲ್ಲ. ಬಟ್ಟಲ ಕಂಡ್ರ ಬಂದ ಬರ್ತಾಳ. ಅದಕ್ಕ ಎತ್ತು ಮಾರಿದೆ, ಕೂರಿಗಿ ಒಡದು ಒಲಿಗೆ ಹಾಕಿದೆ."

ಒಡಹುಟ್ಟಿದವಳಿಗೆ ಹೇಳದ್ದನ್ನು ಆತ ಗುಜರಿ ಅಂಗಡಿಯ ನೆಲದ ಮೇಲೆ ಹೇಳಿದ್ದ. ನಾನು ಹುಚ್ಚು ಎಂದದ್ದು ಇದಕ್ಕೆ.

ಖಾಲಾ ಎದ್ದು ನಿಂತು, "ಹಂಗಾರ ಡಬ್ಬಿದೇ ಒಯ್ಯಿ" ಎಂದಳು. ರಾಶಿಯ ಅಡಿಗೆ ಕೈಹಾಕಿ, ಇನ್ನೂ ಕಣ್ಣು ಕೊರೆಯದ ತಟ್ಟೆಗಳೆರಡನ್ನು ಹುಡುಕಿ ತೆಗೆದಳು. "ಬಿತ್ತೂ ಜೋಳ ಅದ ಏನು?" ಹೊರಡುವಾಗ ಅವ್ವ ಅವನ ಧೋತರದ ಚುಂಗಿಗೆ ಒಂದು ಹಿಡಿ ಕಟ್ಟಿದ್ದಳು. ಖಾಲಾ ಅದರಲ್ಲಿ ದಪ್ಪ ಕಾಳು ಆರಿಸಿ, ಪಕ್ಕದ ಓಣಿಯಲ್ಲಿ ಕಬ್ಬಿಣ ಕೊರೆಯುವ ಲೇಥ್‌ನವನ ಹತ್ತಿರ ನಮ್ಮನ್ನೂ ಕರೆದುಕೊಂಡು ನಡೆದಳು. ಒಂದೇ ಕಾಳು ಸಲೀಸಾಗಿ ಕೂತು ಇಳಿಯುವಷ್ಟು ಕಣ್ಣು ಕೊರೆಸಿದಳು. ಒಂದೊಂದು ಕಣ್ಣಿನ ಅಂಚನ್ನೂ ಅದೇ ಹೆಬ್ಬೆರಳಿನಿಂದ ಸವರಿ, ಒರಟು ಹತ್ತಿದರೆ ಮತ್ತೆ ಅರ ಹಾಕಿಸಿದಳು. ಲೇಥ್‌ನವನು "ಖಾಲಾ, ಹಾರ್ ಬನಾ ರಹೀ ಹೋ ಕ್ಯಾ?" ಎಂದು, ಹಾರ ಪೋಣಿಸುತ್ತಿದ್ದೀಯೇನು ಎಂಬಂತೆ, ಗೇಲಿ ಮಾಡಿದರೆ, "ನಿನ್ನ ಮದುವಿಗೆ" ಎಂದಳು.

ದೀಪ ಹಚ್ಚುವ ಹೊತ್ತಿಗೆ ತಮ್ಮ ಮತ್ತೆ ಮಶೀನು ನೂಕಿದ. ಕಾಳು ಒಂದರ ಹಿಂದೊಂದು ಬಿದ್ದವು, ಇಡಿಯಾಗಿ.

"ಆಕೀನ ಹೊಲಕ್ಕ ಕರದಿ ಅಂದ್ರ," ಎಂದು ಖಾಲಾ ಸುತ್ತಿಗೆ ತೋರಿಸಿದಳು, "ನಾನೇ ಬರ್ತೀನಿ."

ಯುಗಾದಿ ಮುಗಿದ ಮೇಲೆ ಊರವರೊಬ್ಬರು ಹೊಸ ಜೋಳದ ಸಣ್ಣ ಚೀಲದ ಜೊತೆ ಹೆರಿಗೆಯ ಸುದ್ದಿ ತಂದರು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕುರ್ಲಾಕ್ಕೆ ಓಡಿದೆ. ಕಾಲೊನಿಯಲ್ಲಿ ಕೇಳಿದವರೆಲ್ಲ ಗಂಡೋ ಹೆಣ್ಣೋ ಎಂದಿದ್ದರು. ಖಾಲಾ ಹಾಗೆ ಕೇಳಲಿಲ್ಲ.

"ಅತ್ತಿತೇನು?"

"ಏನ್ರಿ?"

"ಕೂಸು. ಹುಟ್ಟಿದ ಕೂಡ್ಲೆ ಅತ್ತಿತೇನು?"

"ಅತ್ತಿತಂತ್ರಿ. ಓಣಿಗೆಲ್ಲ ಕೇಳೂವಂಗ."

ಖಾಲಾ ಇದ್ದಲ್ಲೇ ಕಬ್ಬಿಣದ ಮೇಲೆ ಕೂತುಬಿಟ್ಟಳು. ಹೆಣ್ಣು ಎಂದು ನಾನೇ ಹೇಳಿದೆ. ಅದು ಆಕೆಯ ಕಿವಿಗೆ ಬಿತ್ತೋ ಇಲ್ಲವೋ. ಎಂಥ ಹೆಂಗಸಪ್ಪ ಎಂದುಕೊಳ್ಳುತ್ತ ಮನೆಗೆ ಬಂದೆ.

ಅಲ್ಲಿಂದ ವರ್ಷ ವರ್ಷ ಊರಿಂದ ಬಂದ ಜೋಳದಲ್ಲಿ ಖಾಲಾನಿಗೊಂದು ಪಾಲು ಒಯ್ಯುತ್ತಿದ್ದೆ. ತಮ್ಮನ ಮಗಳನ್ನು ಸಾಲೆಗೆ ಹಾಕಿದ ವರ್ಷವೂ ಚೀಲ ಹಿಡಿದು ಹೋದೆ. ಅಂಗಡಿಗೆ ಬೀಗ. ಎದುರಿನ ಚಹಾದಂಗಡಿಯವನ ಹೆಂಡತಿ, ಆಕೆಯೂ ನಮ್ಮ ಕಡೆಯವಳೇ, ಹೊರಗೆ ಬಂದು ಹೇಳಿದಳು: "ಹೋದ ವಾರ ಹೋದ್ಳು. ನಿದ್ದಿಯಾಗ."

ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ: "ಮಕ್ಕಳು ಬಂದಿದ್ರೇನು? ಐದೂ ಮಂದಿ?"

"ಯಾವ ಮಕ್ಕಳವಾ?" ಆಕೆ ನನ್ನನ್ನೇ ದಿಟ್ಟಿಸಿದಳು. "ಐದು ಹಡೆದಳು. ಒಂದೂ ಅಳಲಿಲ್ಲ. ಎಲ್ಲಾ ಹೊಲದ ಬಾಜೂಕ ಮಣ್ಣಾಗ ಅದಾವ. ಆಮ್ಯಾಲ ಗಂಡ ಹೇಣ್ತಿ ಅಲ್ಲಿ ನಿಲ್ಲಲಾರದ ಇಲ್ಲಿಗೆ ಬಂದ್ರು."

ಚೀಲವನ್ನು ಬೀಗದ ಬಾಗಿಲ ಮುಂದಿಟ್ಟು ಹೊರಟೆ. ಆಕೆಯೇ ಎತ್ತಿ ಕೊಟ್ಟಳು.

ಆ ಸಂಜೆ ದೀಪ ಹಚ್ಚಿದೆ, ಎಣಿಸಲು ಬಾಯಿ ಬರಲಿಲ್ಲ. ಎಷ್ಟು ವರ್ಷ ಆಕೆಯ ಎದುರು ಕೂತು ಚಹಾ ಕುಡಿದಿದ್ದೆ. ಒಂದು ಸುಳ್ಳನ್ನೂ ಆಡದೆ ಆಕೆ ನನಗೆ ಎಲ್ಲವನ್ನೂ ಹೇಳಿದ್ದಳು.

ತಮ್ಮನ ಮಗಳಿಗೆ ಈಗ ಅವಳದೇ ಮಕ್ಕಳಿವೆ. ಯಾರ ಮನೆಯಿಂದ ಹೆರಿಗೆಯ ಸುದ್ದಿ ಬಂದರೂ ನಾನು ಗಂಡೋ ಹೆಣ್ಣೋ ಎನ್ನುವುದಿಲ್ಲ. ಅತ್ತಿತೇನು ಎಂದು ಕೇಳುತ್ತೇನೆ. ಅತ್ತಿತು ಎಂದರೆ, ಆ ದಿನದ ಎಣಿಕೆ ನನಗೆ ಅಷ್ಟಕ್ಕೇ ಸಾಕು.